ತಣ್ಣೀರು ಮೇಸ್ತ್ರಿಯ ಸೊಸೆ

ನನ್ನ ಸೊಸೆಯ ವಿಷಯ ಹೇಳಬೇಕೆಂದರೆ ನನ್ನ ಹಾಲಿನ ಪಾತ್ರೆಯಿಂದಲೇ ಶುರು ಮಾಡಬೇಕು. ದಪ್ಪ ತಳದ, ಉದ್ದ ಹಿಡಿಯ ಸ್ಟೀಲ್ ಪಾತ್ರೆ. ಎಷ್ಟು ಹೊತ್ತು ಕಾಯಿಸಿದರೂ ಹಾಲು ತಳ ಹಿಡಿಯದು. ಅವಳು ನಮ್ಮ ಮನೆಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಹೋದರೆ ಪಾತ್ರೆ ಆಗಲೇ ಒಲೆಯ ಮೇಲಿತ್ತು. ಅದರಲ್ಲಿ ಹಾಲಿರಲಿಲ್ಲ. ನೀರು ಕಾಯುತ್ತಿತ್ತು, ನೀರಿನೊಳಗೆ ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆಯ ಬಿಲ್ಲೆ ತೂಗಾಡುತ್ತಿತ್ತು. ಸೊಸೆ ದಾರದ ತುದಿ ಹಿಡಿದು ಪಾತ್ರೆಯೊಳಗೇ ಕಣ್ಣು ನೆಟ್ಟು ನಿಂತಿದ್ದಳು.

"ಇದು ಯಾವ ಅಡುಗೆನೇ?" ಎಂದೆ.

"ಕಾರಿನ ವಾಲ್ವ್ ಅತ್ತೆ. ಬಿಸಿಗೆ ತೆರೆಯುತ್ತಾ ಇಲ್ವಾ ಅಂತ ನೋಡ್ತಿದ್ದೀನಿ."

"ಅದಕ್ಕೆ ನನ್ನ ಪಾತ್ರೆನೇ ಬೇಕಿತ್ತಾ?"

"ತಳ ದಪ್ಪ ಇದೆ ಅತ್ತೆ. ಬಿಸಿ ನಿಧಾನಕ್ಕೆ ಏರುತ್ತೆ," ಎಂದಳು. ತಪ್ಪಾಯಿತು ಎನ್ನುವ ಜಾಯಮಾನವೇ ಅವಳದಲ್ಲ. ಪಾತ್ರೆಯನ್ನು ಆಮೇಲೆ ನಾನು ಹುಣಸೆಹಣ್ಣು ಹಾಕಿ ಉಜ್ಜಿದ ಉಜ್ಜಿಗೆ ಅದರ ತಳವೇ ಸವೆಯಬೇಕಿತ್ತು.

ಎಂಜಿನ್ನಿನ ಸುತ್ತ ನೀರು ಹರಿಯುತ್ತದೆ. ಎಂಜಿನ್ ಬೆಚ್ಚಗಾಗುವವರೆಗೆ ಆ ನೀರು ರೇಡಿಯೇಟರಿಗೆ ಹೋಗದಂತೆ ಒಂದು ಪುಟ್ಟ ಬಾಗಿಲು ತಡೆಯುತ್ತದೆ. ಬೇಕಾದಷ್ಟು ಬಿಸಿಯಾದ ಮೇಲೆ ತಾನಾಗಿ ತೆರೆದು, ತಣಿದು ಬಾ ಎಂದು ಕಳಿಸುತ್ತದೆ. ಅದಕ್ಕೆ ಥರ್ಮೋಸ್ಟಾಟ್ ಎಂದು ಹೆಸರು, ಶೆಡ್ಡಿನ ಮಾತಿನಲ್ಲಿ ಬರೀ ವಾಲ್ವ್. ಮೆಕ್ಯಾನಿಕ್ಕನ ಕೈಹಿಡಿದು ಒಂದು ಆಯುಷ್ಯವೇ ಕಳೆದಿದ್ದರೂ ಇಷ್ಟು ತಿಳಿವಳಿಕೆ ನನಗೆ ಬಂದದ್ದು ಸೊಸೆಯಿಂದ. ನನ್ನ ಯಜಮಾನರು ಹೇಳಿಕೊಟ್ಟಿರಲಿಲ್ಲ, ಏಕೆಂದರೆ ಅವರ ವಿದ್ಯೆಯಲ್ಲಿ ಆ ಬಾಗಿಲಿಗೆ ಜಾಗವೇ ಇರಲಿಲ್ಲ.

ಇಡೀ ಬೀದಿ ಅವರನ್ನು ತಣ್ಣೀರು ಮೇಸ್ತ್ರಿ ಎನ್ನುತ್ತಿತ್ತು. ಕಾರು ಕುದಿಯುತ್ತಿದೆ ಎಂದು ಯಾರೇ ಬರಲಿ, ಅವರ ಮದ್ದು ಒಂದೇ. ವಾಲ್ವ್ ತೆರೆಯದೆ ಕಚ್ಚಿಕೊಂಡಿದೆ ಎಂದು ಅದನ್ನು ಕಿತ್ತು ಹಾಕುವುದು. ಕಿತ್ತದ್ದನ್ನು ಎಸೆಯುತ್ತಲೂ ಇರಲಿಲ್ಲ. ಶೆಡ್ಡಿನ ಹಿಂಗೋಡೆಯ ಮೇಲೆ ಒಂದು ತಂತಿಗೆ ಪೋಣಿಸಿ ನೇತುಹಾಕುತ್ತಿದ್ದರು. ಗಾಳಿ ಬೀಸಿದರೆ ಆ ಸರ ಕಿಣಿಕಿಣಿ ಎನ್ನುತ್ತಿತ್ತು. "ಇಲ್ಲದ ಬಾಗಿಲು ಕಚ್ಚಿಕೊಳ್ಳಲ್ಲ" ಎಂಬುದು ಅವರ ಮಾತು. ಗಿರಾಕಿಗಳು ಖುಷಿಯಾಗಿ ಹೋಗುತ್ತಿದ್ದರು, ಕಾರು ಮತ್ತೆ ಕುದಿಯುತ್ತಿರಲಿಲ್ಲ. ಅವರ ಕೈಕೆಳಗೆ ಕಲಿತವರೂ ಅದನ್ನೇ ಕಲಿತು ಬೇರೆ ಬೇರೆ ಬೀದಿಗಳಲ್ಲಿ ಶೆಡ್ಡು ಹಾಕಿದರು. ಹೀಗೆ ನಮ್ಮೂರಿನಲ್ಲಿ ಅರ್ಧಕ್ಕರ್ಧ ಕಾರುಗಳು ಬಾಗಿಲಿಲ್ಲದ ಮನೆಗಳಾದವು.

ನಮ್ಮ ಸ್ವಂತ ಕಾರಂತೂ ಈ ವಿದ್ಯೆಯ ಪಟ್ಟದ ಆನೆ. ಅದರ ಬಿಸಿ ತೋರಿಸುವ ಮುಳ್ಳು ತಳ ಬಿಟ್ಟು ಮೇಲೆದ್ದದ್ದನ್ನು ಯಾರೂ ನೋಡಿಲ್ಲ. ಯಜಮಾನರು ಹೊಸಬರನ್ನು ಕೂರಿಸಿಕೊಂಡರೆ ಮೊದಲು ಆ ಮುಳ್ಳನ್ನೇ ತೋರಿಸುತ್ತಿದ್ದರು. ಆದರೆ ಹೀಟರಿನ ಗುಂಡಿ ತಿರುಗಿಸಿದರೆ ಬರುತ್ತಿದ್ದದ್ದು ತಣ್ಣನೆ ಗಾಳಿ. ಚಳಿಗಾಲದ ಬೆಳಿಗ್ಗೆ ನಾನು ಹಿಂದಿನ ಸೀಟಿನಲ್ಲಿ ಕಾಲಿಗೆ ಶಾಲು ಸುತ್ತಿಕೊಂಡು ಕೂರಬೇಕು. ಕೇಳಿದರೆ, "ಹೀಟರು ಅನ್ನೋದು ಬರೀ ಶೋಕಿಗೆ ಇಡೋದು ಕಣೇ," ಎನ್ನುತ್ತಿದ್ದರು. ಹೊರಗೆ ಇಬ್ಬನಿ, ಒಳಗೆ ಈ ಶೋಕಿ.

ಇಂಥ ಮನೆಗೆ ಅವಳು ಬಂದಳು. ಅವಳ ತಂದೆ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚುತ್ತಿದ್ದವರು. ಮಗಳಿಗೆ ಜಡೆ ಹಾಕಲು ಬಾರದ ಆ ಮನುಷ್ಯ ಸ್ಪ್ಯಾನರ್ ಹಿಡಿಯುವುದನ್ನು ಚೆನ್ನಾಗಿಯೇ ಕಲಿಸಿದ್ದರು. ನನ್ನ ಮಗನಿಗೆ ಶೆಡ್ಡಿನ ಗಂಧಗಾಳಿ ಇಲ್ಲ. ಅವನು ಒಂದು ಕ್ಯಾಂಟೀನಿನಲ್ಲಿ ಅಡುಗೆ ಭಟ್ಟ, ಸೌಟು ಬಿಟ್ಟರೆ ಬೇರೆ ಆಯುಧ ಮುಟ್ಟಿದವನಲ್ಲ. ಮೊದಲು ಸೊಸೆ ಗಂಡನಿಗೆ ಡಬ್ಬಿ ಕಟ್ಟಿ ಕಳಿಸಿ, ಮಾವನಿಗೆ ಟೀ ಕೊಡುವ ನೆಪದಲ್ಲಿ ಶೆಡ್ಡಿಗೆ ಹೋಗುತ್ತಿದ್ದಳು. ಆಮೇಲೆ ಟೀ ಕೊಟ್ಟು ಅಲ್ಲೇ ನಿಲ್ಲತೊಡಗಿದಳು. ಯಜಮಾನರ ಬೆನ್ನು ಬಗ್ಗದಂತಾದ ಮೇಲೆ ಟೀ ಕೊಡುವ ಕೆಲಸ ನನಗೆ ಬಂತು, ಬಗ್ಗುವ ಕೆಲಸ ಅವಳಿಗೆ ಹೋಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಲ್ಲಿ ಮಾವನಿಗೂ ಒಂದು ಕಾಲ ಬಂತು.

ಅವಳ ಕೆಲಸ ನೋಡುವುದೇ ಒಂದು ಸುಖ. ಬಾನೆಟ್ ಎತ್ತಿದ ಕೂಡಲೆ ಕೈ ಹಾಕುವವಳಲ್ಲ. ಮೊದಲು ಮೂಗು. ಕೂಲೆಂಟ್, ಅಂದರೆ ಎಂಜಿನ್ ತಣಿಸುವ ಮದ್ದುನೀರು, ಸೋರಿದ್ದರೆ ಒಂದು ಸಿಹಿ ವಾಸನೆ ಬರುತ್ತದಂತೆ, ಅದನ್ನು ಹುಡುಕುತ್ತಾಳೆ. ಆಮೇಲೆ ಅಂಗೈಯನ್ನು ರೇಡಿಯೇಟರಿನ ಮೇಲಿನ ಪೈಪಿನ ಹತ್ತಿರ ಹಿಡಿದು, ಸುಡುವುದಿಲ್ಲ ಎಂದಾದರೆ ಮುಟ್ಟಿ, ಕೆಳಗಿನ ಪೈಪು ಮುಟ್ಟಿ, ಮಗುವಿನ ಜ್ವರ ನೋಡಿದ ಹಾಗೆ ಹೋಲಿಸುತ್ತಾಳೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲು ಯಾರಾದರೂ ಬಟ್ಟೆ ಸುತ್ತಿ ಕೈ ಹಾಕಿದರೋ, ಕೆಟ್ಟರು. ಒಮ್ಮೆ ಒಬ್ಬ ಗಡ್ಡದ ಡ್ರೈವರನಿಗೆ, "ಅಣ್ಣಾ, ಮುಖ ಬೇಯಿಸ್ಕೊಬೇಕು ಅಂತಿದ್ರೆ ನನ್ನ ಗಂಡನ ಕ್ಯಾಂಟೀನಿಗೆ ಹೋಗಿ, ಅಲ್ಲಿ ಉಪ್ಪು ಖಾರನೂ ಹಾಕ್ತಾರೆ," ಎಂದಿದ್ದಳು. ನಲ್ಲಿ ನೀರನ್ನು ರೇಡಿಯೇಟರಿಗೆ ಬಿಡಗೊಡುತ್ತಿರಲಿಲ್ಲ, ಒಳಗೆಲ್ಲ ತುಕ್ಕು ಕಟ್ಟುತ್ತದೆ ಎಂದು. ವಾಲ್ವ್ ಕಿತ್ತ ಕಾರು ಬಂದರೆ ಹೊಸದು ತಂದು ಕೂರಿಸುತ್ತಿದ್ದಳು, ಕೂರಿಸುವ ಮೊದಲು ನನ್ನ ಪಾತ್ರೆಯಲ್ಲಿ ಒಂದು ಕುದಿ. ಜನ ಅವಳಿಗೆ ಬಿಸಿನೀರಕ್ಕ ಎಂದು ಹೆಸರಿಟ್ಟರು.

ತಣ್ಣೀರು ಮೇಸ್ತ್ರಿಗೂ ಬಿಸಿನೀರಕ್ಕನಿಗೂ ಒಂದೇ ಶೆಡ್ಡು ಸಾಲುವುದು ಹೇಗೆ? ಅವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಅವಳು ಮೊಲವನ್ನು ತಿರುಗಿಸಿ ನಾಲ್ಕನೆಯ ಕಾಲು ತೋರಿಸುವವಳು. ಒಂದು ದಿನ ಅವಳು ನಮ್ಮ ಕಾರಿನ ಆಯಿಲ್ ಮುಚ್ಚಳ ಬಿಚ್ಚಿ ತಂದು ಅವರ ಮೂಗಿನ ಕೆಳಗೆ ಹಿಡಿದಳು. ಒಳಗೆ ಬೆಳ್ಳಗೆ ಕೆನೆ ಕಟ್ಟಿತ್ತು.

"ನೋಡಿ ಮಾವ, ಎಂಜಿನ್ ಬಿಸೀನೇ ಆಗ್ತಿಲ್ಲ. ಒಳಗಿನ ತೇವ ಆರ್ತಿಲ್ಲ, ಆಯಿಲಿಗೆ ಸೇರ್ತಿದೆ. ಪೆಟ್ರೋಲು ಬೇರೆ ಕುಡಿಯುತ್ತೆ. ನೆಗಡಿ ಆಯ್ತು ಅಂತ ಮೂಗು ಕೊಯ್ದ ಹಾಗಾಯ್ತು ಇದು."

"ನಿಮ್ಮಪ್ಪ ಹುಟ್ಟೋಕೆ ಮುಂಚಿಂದ ಈ ಕಾರು ಓಡ್ತಿದೆ," ಎಂದರು ಇವರು. ಇದು ಶುದ್ಧ ಸುಳ್ಳು, ಕಾರಿಗಿಂತ ಬೀಗರೇ ಹಿರಿಯರು. ಆದರೆ ಕೋಪದಲ್ಲಿ ಲೆಕ್ಕ ಯಾರು ಹಾಕುತ್ತಾರೆ?

ಆ ದಿನಗಳಲ್ಲಿ ಎದುರಿನ ಟೈರ್ ಅಂಗಡಿಯವನು ಶೆಡ್ಡಿನ ಮೇಲೆ ಕಣ್ಣಿಟ್ಟಿದ್ದ. ಮೇಸ್ತ್ರಿಗಳೇ, ನಿಮ್ಮ ಬೆನ್ನಿಗೆ ವಿಶ್ರಾಂತಿ ಬೇಕು, ಶೆಡ್ಡು ನನಗೆ ಬಾಡಿಗೆಗೆ ಕೊಟ್ಟು ಹಾಯಾಗಿರಿ ಎಂದು ದಿನಾ ಬೆಣ್ಣೆ ಹಚ್ಚುತ್ತಿದ್ದ. ಆಯಿಲ್ ಮುಚ್ಚಳದ ಜಗಳವಾದ ಸಂಜೆ ಇವರು ಊಟಕ್ಕೆ ಕೂತು, "ಶೆಡ್ಡು ಟೈರಿನವನಿಗೆ ಕೊಡ್ತೀನಿ," ಎಂದುಬಿಟ್ಟರು.

ಮಗ ತಟ್ಟೆ ನೋಡುತ್ತಾ ಕೂತ. ಆ ಶೆಡ್ಡು ಹೋದರೆ ಅವಳು ಬೇರೆ ಕಡೆ ಸ್ಪ್ಯಾನರ್ ಹಿಡಿದು ಕೆಲಸ ಕೇಳಬೇಕು. ಈ ಊರಿನ ಮೇಸ್ತ್ರಿಗಳು ಹೆಂಗಸಿಗೆ ಚಕ್ರ ತೊಳೆಯುವ ಕೆಲಸವನ್ನೂ ಕೊಡುವವರಲ್ಲ. ಅಲ್ಲಿಗೆ ಅವಳ ವಿದ್ಯೆ ಮುಗಿದ ಹಾಗೆ.

ಅವಳು ಮಾತ್ರ ತಣ್ಣಗೆ ಬಡಿಸುತ್ತಾ ಹೇಳಿದಳು. "ಮಾವ, ನಿಮ್ಮ ಕಾರಿಗೇ ವಾಲ್ವ್ ಹಾಕ್ತೀನಿ. ಗುಡ್ಡದ ಏರು ಹತ್ತಿಸೋಣ. ಕುದೀದೆ ಮೇಲೆ ಹೋದ್ರೆ ಶೆಡ್ಡು ನನಗೆ. ಕುದಿದ್ರೆ ನಾನೇ ಬೀಗದ ಕೈ ಟೈರಿನವನಿಗೆ ಕೊಟ್ಟು ಬರ್ತೀನಿ."

"ಆಡಿದ ಮೇಲೆ ಹಿಂದೆ ಸರಿಯೋ ಹಾಗಿಲ್ಲ," ಎಂದರು ಇವರು.

"ಸರಿಯಲ್ಲ ಮಾವ."

ಪಾತ್ರೆ ತೊಳೆಯುವಾಗ ಅವಳನ್ನು ತರಾಟೆಗೆ ತೆಗೆದುಕೊಂಡೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಇಷ್ಟು ದೊಡ್ಡ ಪಣ ಕಟ್ಟುವವಳು ನನ್ನನ್ನೊಂದು ಮಾತು ಕೇಳಬಾರದಿತ್ತಾ ಎಂದೆ. "ಕೇಳಿದ್ರೆ ನೀವು ಬೇಡ ಅಂತಿದ್ರಿ ಅತ್ತೆ," ಎಂದು ನಕ್ಕಳು. ನಿಜ, ಬೇಡ ಎನ್ನುತ್ತಿದ್ದೆ.

ಮರುದಿನ ಹೊಸ ವಾಲ್ವ್ ಬಂತು. ನನ್ನ ಪಾತ್ರೆಯೂ ಒಲೆಗೆ ಏರಿತು. ಮಗ ಕ್ಯಾಂಟೀನಿನಿಂದ ಶಾಖ ಅಳೆಯುವ ಕಡ್ಡಿ ತಂದುಕೊಟ್ಟಿದ್ದ. ಎಷ್ಟು ಬಿಸಿಗೆ ತೆರೆಯಬೇಕೆಂಬ ಅಂಕಿ ವಾಲ್ವಿನ ಅಂಚಿನಲ್ಲೇ ಕೊರೆದಿತ್ತು. ತಳದಲ್ಲಿ ಗುಳ್ಳೆ ಕಾಣಿಸಿಕೊಂಡಿತು, ಕಡ್ಡಿಯ ಗೆರೆ ಏರಿತು, ಆ ಅಂಕಿಗೆ ಬರುತ್ತಿದ್ದಂತೆ ನಡುವಿನ ಮುಚ್ಚಳ ಸದ್ದಿಲ್ಲದೆ ಸರಿದು ಉಂಗುರದಂತೆ ಸಂದು ಬಿಟ್ಟಿತು. ತಣ್ಣೀರಿಗೆ ಹಾಕಿದರೆ ಮತ್ತೆ ಮುಚ್ಚಿಕೊಂಡಿತು. ಎಷ್ಟು ಸಲ ನೋಡಿದರೂ ನನಗೆ ಅದು ಬೇಸರ ಬರದ ನೋಟ. ಯಜಮಾನರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನು ಬೇಕು ಎಂದರೆ, ನೀರು ಕುಡಿಯಲು ಬಂದೆ ಎಂದರು. ನೀರಿನ ಕೊಡ ಅವರ ಹಿಂದೆಯೇ ಇತ್ತು.

ಕಾರು ಪೂರ್ತಿ ತಣಿದ ಮೇಲೆ ಅವಳು ಕೆಲಸಕ್ಕಿಳಿದಳು. ಹಳೆ ಕೂಲೆಂಟನ್ನು ಬೋಗುಣಿಗೆ ಇಳಿಸಿದಳು, ನಾಯಿ ಬೆಕ್ಕು ನೆಕ್ಕಬಾರದೆಂದು ಕೂಡಲೆ ಮುಚ್ಚಿಟ್ಟಳು. ಮೇಲಿನ ಪೈಪು ಕಳಚಿ, ಬೋಲ್ಟು ಬಿಚ್ಚಿ, ಕವಚ ತೆಗೆದಳು. ಒಳಗೆ ವಾಲ್ವ್ ಕೂರುವ ಜಾಗ ಖಾಲಿ. ನೀರು ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ಟಿನ ಹಳೆಯ ಪದರ ಅಂಟಿಕೊಂಡಿತ್ತು, ಅದನ್ನು ಚೂರೂ ಬಿಡದೆ ಹೆರೆದಳು. ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ, ಗಾಳಿ ಹೋಗುವ ಪುಟ್ಟ ತೂತು ಮೇಲೆ ಬರುವಂತೆ ವಾಲ್ವ್ ಕೂರಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದಳು. ಕೂಲೆಂಟನ್ನು ನಿಧಾನವಾಗಿ ತುಂಬಿ, ಪೈಪು ಹಿಚುಕಿ ಹಿಚುಕಿ ಒಳಗಿನ ಗಾಳಿ ಬಿಡಿಸಿದಳು. ಇವರು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಪುಟ ಒಂದೂ ಮಗುಚಲಿಲ್ಲ.

ಬೆಳಿಗ್ಗೆ ಚಳಿಯಲ್ಲೇ ಹೊರಟೆವು. ಅವಳು ಸ್ಟಿಯರಿಂಗ್ ಹಿಡಿದಳು, ಇವರು ಪಕ್ಕದಲ್ಲಿ, ಹಿಂದೆ ನಾನು ಮತ್ತು ನನ್ನ ಶಾಲು. ಟೈರಿನವನು ಅಂಗಡಿ ಬಾಗಿಲು ತೆರೆಯುತ್ತಾ ನಮ್ಮತ್ತ ಕೈಬೀಸಿದ. ಬೀದಿ ದಾಟುವುದರೊಳಗೆ ಆ ಮುಳ್ಳು ಮೊದಲ ಸಲ ಮಿಸುಕಾಡಿತು. ತಳ ಬಿಟ್ಟಿತು, ಏರಿತು, ಮಧ್ಯಕ್ಕೆ ಬಂತು. ಸೊಸೆಯ ಮುಖ ಅರಳಿತು. ಮುಳ್ಳು ಅಲ್ಲಿ ನಿಲ್ಲಲಿಲ್ಲ. ಇನ್ನೂ ಏರಿತು. ಗುಡ್ಡದ ಬುಡ ಇನ್ನೂ ದೂರವಿರುವಾಗಲೇ ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನ ಸಂದಿನಿಂದ ಆವಿ ಬಂತು.

ಅವಳು ಗಾಬರಿಬೀಳಲಿಲ್ಲ. ಕಾರನ್ನು ಬಸ್‌ಸ್ಟಾಪಿನ ಪಕ್ಕಕ್ಕೆ ಒಯ್ದು ಎಂಜಿನ್ ಆರಿಸಿದಳು. ಇಳಿದು, ಬಾನೆಟ್ ಎತ್ತಿ, ಮೇಲಿನ ಪೈಪಿನ ಹತ್ತಿರ ಅಂಗೈ ಹಿಡಿದಳು, ಆಮೇಲೆ ಮುಟ್ಟಿದಳು.

"ತಣ್ಣಗಿದೆ," ಎಂದಳು. "ವಾಲ್ವ್ ತೆರೆದೇ ಇಲ್ಲ."

"ಕಚ್ಚಿಕೊಂಡಿದೆ," ಎಂದರು ಇವರು. "ಕಚ್ಚಿಕೊಳ್ಳುತ್ತೆ ಅಂತ ನಾನು ಹೇಳಿರ್ಲಿಲ್ವಾ?"

ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಮೂವರೂ ಕೂತೆವು. ಎಂಜಿನ್ ತಣಿಯಬೇಕಿತ್ತು. ನಾನು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟೆ. ನನಗೆ ಅಳು ಬರುವಂತಿತ್ತು, ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುತ್ತಿರಲಿಲ್ಲ. ಸೊಸೆ ಟೀ ಕುಡಿದು ಮುಗಿಸಿ, ಸೆರಗಿನ ತುದಿಯ ಗಂಟು ಬಿಚ್ಚಿ ಶೆಡ್ಡಿನ ಬೀಗದ ಕೈಯನ್ನು ಮಾವನ ಪಕ್ಕದಲ್ಲಿ ಬೆಂಚಿನ ಮೇಲೆ ಇಟ್ಟಳು.

"ಮಾತು ಮಾತೇ ಮಾವ. ಕುದ್ದಿದೆ. ಶೆಡ್ಡಿನ ಮಾತು ಮುಗೀತು. ಆದ್ರೆ ಈ ಕಾರನ್ನ ಹೀಗೆ ಬಿಟ್ಟು ಹೋಗಲ್ಲ. ವಾಲ್ವ್ ಪಾತ್ರೇಲಿ ತೆರೀತು, ನಾನು ಕೂರಿಸಿದ್ದೂ ಸರಿ ಇದೆ. ಅಂದ್ರೆ ಬಿಸಿನೀರೇ ಅದರ ಹತ್ರ ಬರ್ತಿಲ್ಲ. ಯಾಕೆ ಬರ್ತಿಲ್ಲ ಅಂತ ಗೊತ್ತಾಗ್ಬೇಕು. ಇಲ್ದಿದ್ರೆ ನನಗೆ ನಿದ್ದೆ ಬರಲ್ಲ."

ಎಂದವಳೇ ಎದ್ದು ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದಳು.

ನಾನು ಯಜಮಾನರ ಮುಖ ನೋಡಿದೆ. ಈ ಮನುಷ್ಯನ ಮುಖವನ್ನು ನಾನು ಓದಿದಷ್ಟು ಅವರು ಯಾವ ಎಂಜಿನ್ನನ್ನೂ ಓದಿಲ್ಲ. ಬೀಗದ ಕೈ ಪಕ್ಕದಲ್ಲೇ ಬಿದ್ದಿತ್ತು, ಅವರು ಅದನ್ನು ನೋಡುತ್ತಿರಲಿಲ್ಲ. ಲೋಟದಲ್ಲಿ ಟೀ ಆರಿ ಕೆನೆ ಕಟ್ಟಿತ್ತು, ಅದನ್ನೂ ನೋಡುತ್ತಿರಲಿಲ್ಲ. ಅವರಿಗೆ ಏನೋ ಗೊತ್ತು ಎಂದು ನನಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಗೆದ್ದರು. ಅವರ ಜೀವಮಾನದ ವಿದ್ಯೆಯೇ ಗೆದ್ದ ಹಾಗೆ. ನಾನು ಮೊಣಕೈಯಿಂದ ತಿವಿಯಲೇ ಎಂದುಕೊಂಡೆ. ತಿವಿಯಲಿಲ್ಲ. ತಿವಿದು ಹೇಳಿಸಿದ ಮಾತಿಗೆ ಅವಳ ಮುಂದೆ ಬೆಲೆ ಇರುತ್ತಿರಲಿಲ್ಲ.

ಅವಳು ಒಂದೊಂದೇ ಪೈಪು ತಡವುತ್ತಿದ್ದಳು. ಇವರು ಬೆನ್ನು ಹಿಡಿದುಕೊಂಡು ಎದ್ದರು, ಕಾರಿನ ಹತ್ತಿರ ಹೋಗಿ ನಿಂತರು.

"ಸಣ್ಣ ಪೈಪು ಬಿಚ್ಚು," ಎಂದರು.

"ಯಾವುದು ಮಾವ?"

"ನೀರಿನ ಪಂಪಿಗೆ ಹೋಗುತ್ತಲ್ಲ, ಮೋಟು ಪೈಪು. ಅದರೊಳಗೆ ಬೆಣೆ ಇದೆ. ನಾನೇ ಹೊಡೆದಿದ್ದು."

ಅವಳು ಬಿಚ್ಚಿದಳು. ಒಳಗೆ ನೀರು ಕುಡಿದು ಉಬ್ಬಿ ಕಪ್ಪಾಗಿದ್ದ ಒಂದು ಮರದ ತುಂಡು ಬಿಗಿಯಾಗಿ ಕೂತಿತ್ತು. ಸ್ಕ್ರೂಡ್ರೈವರಿನಿಂದ ಮೀಟಿ ಹೊರಗೆಳೆದು ಅಂಗೈ ಮೇಲೆ ಇಟ್ಟುಕೊಂಡಳು. ಒಂದು ತುದಿಯಲ್ಲಿ ಎರಡು ಗೀರುಗಳ ಕೆತ್ತನೆ ಇನ್ನೂ ಕಾಣುತ್ತಿತ್ತು.

"ವಾಲ್ವ್ ಕಿತ್ತರೆ ಸ್ವಲ್ಪ ನೀರು ಈ ಅಡ್ಡದಾರಿ ಹಿಡಿದು ಎಂಜಿನ್ನಲ್ಲೇ ಸುತ್ತುತ್ತೆ, ರೇಡಿಯೇಟರಿಗೆ ಪೂರ್ತಿ ಹೋಗಲ್ಲ," ಎಂದರು ಇವರು. "ಅದಕ್ಕೇ ಮುಚ್ಚಿದ್ದೆ. ಬೇರೆಯವರು ಬರೀ ಕೀಳ್ತಾರೆ, ಇದು ಅವರಿಗೆ ಗೊತ್ತಿಲ್ಲ. ಗಿರಾಕಿ ಕಾರಿಗೂ ನಾನು ಮಾಡಿಲ್ಲ. ನನ್ನ ಕಾರಿಗೆ ಮಾತ್ರ."

"ವಾಲ್ವ್ ಮುಚ್ಚಿರೋವಾಗ ನೀರು ಈ ದಾರೀಲೇ ಸುತ್ತಿ, ಬಿಸಿಯಾಗಿ ವಾಲ್ವಿಗೆ ತಲುಪಬೇಕು," ಎಂದಳು ಅವಳು ಮೆಲ್ಲಗೆ. "ಪೈಪು ಹೊರಗಿಂದ ಗಟ್ಟಿ ಇತ್ತು, ಅದಕ್ಕೆ ಬಿಚ್ಚಲೇ ಇಲ್ಲ. ಬಿಚ್ಚಿ ನೋಡ್ಬೇಕಿತ್ತು, ತಪ್ಪು ನಂದೇ. ಆದ್ರೆ ಮಾವ, ಇದನ್ನ ಕಂಡುಹಿಡಿದ್ರಲ್ಲ, ಅದು ಸಣ್ಣ ತಲೆ ಅಲ್ಲ."

ಅವಳ ಬಾಯಿಂದ ತಪ್ಪು ಎಂಬ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣು ಬೇರೆಲ್ಲೋ ನೆಟ್ಟಿತ್ತು. ಎರಡು ಗೀರಿನ ಆ ಕೆತ್ತನೆ ನನಗೆ ಚೆನ್ನಾಗಿ ಗೊತ್ತು. ನನ್ನ ತವರಿನಿಂದ ಬಂದ ಮರದ ಸೌಟಿನದು. ಮಗ ಇನ್ನೂ ಅಂಬೆಗಾಲಿಡುವಾಗ ಆ ಸೌಟಿನ ಹಿಡಿ ಮಾಯವಾಗಿತ್ತು, ಕೇಳಿದ್ದಕ್ಕೆ ಇಲಿ ಕಡಿದಿರಬೇಕು ಎಂದಿದ್ದರು.

"ಏನ್ರೀ," ಎಂದೆ, "ಇಲಿ ಎಷ್ಟು ನೀಟಾಗಿ ಕೆತ್ತಿದೆ."

ಇವರು ಎಂಜಿನ್ನನ್ನೇ ನೋಡುತ್ತಾ, "ಒಳ್ಳೆ ಮರ," ಎಂದರು. ಸೊಸೆ ಬಾನೆಟ್ಟಿನ ಮೇಲೆ ಬಿದ್ದು ನಗತೊಡಗಿದಳು. ನನಗೂ ಬೈಯಲು ಬಾಯಿ ಬರಲಿಲ್ಲ. ಮಾವ ಸೌಟು ಕದ್ದರು, ಸೊಸೆ ಪಾತ್ರೆ ಕದ್ದಳು, ಕಳ್ಳತನದಲ್ಲಿ ಇಬ್ಬರದೂ ಒಂದೇ ಮನೆತನ.

ಪೈಪು ಮತ್ತೆ ಕೂರಿಸಿ, ಡಿಕ್ಕಿಯಲ್ಲಿದ್ದ ಕೂಲೆಂಟ್ ತುಂಬಿ, ಗಾಳಿ ಬಿಡಿಸಿದಳು. ಈ ಸಲ ಇವರು ತಾವೇ ಸ್ಟಿಯರಿಂಗಿನ ಹಿಂದೆ ಕೂತರು. ಗುಡ್ಡದ ಏರು ಶುರುವಾಯಿತು. ಮುಳ್ಳು ಏರಿ ಮಧ್ಯಕ್ಕೆ ಬಂತು. ಒಂದು ತಿರುವು ಹೋಯಿತು, ಮತ್ತೊಂದು ಹೋಯಿತು, ಮುಳ್ಳು ಕದಲಲಿಲ್ಲ. ಎಂಜಿನ್ನಿನ ಸದ್ದೂ ಬೇರೆಯಾಗಿತ್ತು. ಅಷ್ಟು ವರ್ಷ ಗೊರಗೊರ ಎನ್ನುತ್ತಿದ್ದದ್ದು ಈಗ ಗಂಟಲು ಸರಿಮಾಡಿಕೊಂಡು ಮಾತಾಡುತ್ತಿತ್ತು. ಇವರೂ ಅದನ್ನು ಕೇಳುತ್ತಿದ್ದರು, ಕಿವಿ ಆ ಕಡೆಗೇ ವಾಲಿತ್ತು.

ನೆತ್ತಿಗೆ ಹತ್ತಿರ ಬಂದಾಗ ಇವರು ಕೈ ಚಾಚಿ ಹೀಟರಿನ ಗುಂಡಿ ತಿರುಗಿಸಿದರು. ಮೊದಲು ಧೂಳಿನ ವಾಸನೆ ಬಂತು, ಅದರ ಹಿಂದೆಯೇ ಬಿಸಿ ಗಾಳಿ. ಸೀಟಿನ ಕೆಳಗಿನಿಂದ ನುಗ್ಗಿ ನನ್ನ ಪಾದ ಮುಟ್ಟಿತು. ನಾನು ಶಾಲು ಬಿಚ್ಚಿದೆ.

"ಕಾಲಿಗೆ ಬರ್ತಿದೆಯೇನೇ?" ಎಂದರು, ತಿರುಗಿ ನೋಡದೆ.

"ಬರ್ತಿದೆ ರೀ," ಎಂದೆ. ಇಷ್ಟು ವರ್ಷ ನನ್ನ ಕಾಲು ಚಳಿಯಲ್ಲಿತ್ತು ಎಂದು ಅವರಿಗೆ ನೆನಪಿತ್ತಲ್ಲ, ಅದಕ್ಕೆ ನನ್ನ ಕಣ್ಣು ತುಂಬಿತು.

ವಾಪಸು ಬಂದಾಗ ಟೈರಿನವನು ಬೀದಿಗೇ ಬಂದು ನಿಂತಿದ್ದ. "ಮೇಸ್ತ್ರಿಗಳೇ, ಶೆಡ್ಡು ಯಾವಾಗ ಖಾಲಿ ಮಾಡ್ತೀರಿ?" ಎಂದ.

ಇವರು ಜೇಬಿನಿಂದ ಬೀಗದ ಕೈ ತೆಗೆದರು. ಬೆಂಚಿನಿಂದ ಅದನ್ನು ಯಾವಾಗ ಎತ್ತಿಕೊಂಡಿದ್ದರೋ ನಾನು ನೋಡಿರಲಿಲ್ಲ. ಸೊಸೆಯ ಕೈಗೆ ಕೊಟ್ಟರು.

"ನನ್ನನ್ನ ಯಾಕಪ್ಪಾ ಕೇಳ್ತೀಯ?" ಎಂದರು. "ಮಾಲೀಕರು ಇಲ್ಲೇ ನಿಂತಿದ್ದಾರೆ, ಕೇಳು."

ಸೊಸೆ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಎಳೆದು ಗಂಟು ಬಿಗಿಯಾಗಿದೆಯೇ ಎಂದು ನೋಡಿದಳು. "ಅಣ್ಣಾ, ನಿಮ್ಮ ವ್ಯಾನಿನ ಮುಳ್ಳೂ ಏಳಲ್ಲ ಅಲ್ವಾ?" ಎಂದಳು. "ನಾಳೆ ಬೆಳಿಗ್ಗೆ ತಣ್ಣಗಿರೋವಾಗಲೇ ತಂದು ಬಿಡಿ. ಮಾವ ಸಣ್ಣ ಪೈಪು ನೋಡ್ತಾರೆ, ಮಿಕ್ಕಿದ್ದು ನಾನು ನೋಡ್ತೀನಿ."

ಮರುದಿನ ಎದ್ದು ಶೆಡ್ಡಿನ ಹಿಂಗೋಡೆ ನೋಡಿದರೆ ತಂತಿಯ ಸರದ ಕೊನೆಗೆ ನನ್ನ ಸೌಟಿನ ಹಿಡಿಯೂ ಸೇರಿತ್ತು. ಯಾರು ಪೋಣಿಸಿದರೆಂದು ನಾನು ಕೇಳಲಿಲ್ಲ. ಒಳಗೆ ಹೋಗಿ ಹಾಲನ್ನು ಬೇರೆ ಪಾತ್ರೆಗೆ ಸುರಿದು, ದಪ್ಪ ತಳದ ಪಾತ್ರೆಯನ್ನು ಚೆನ್ನಾಗಿ ತೊಳೆದು ಒರೆಸಿ, ನಾನೇ ಕೈಯಾರೆ ತೆಗೆದುಕೊಂಡು ಹೋಗಿ ಅವಳ ಸ್ಪ್ಯಾನರುಗಳ ಪಕ್ಕದಲ್ಲಿ ಇಟ್ಟು ಬಂದೆ.